ಒಂದು ಖಾಲಿ ಜಾಗಕ್ಕೆ ಐದು ಉತ್ತರ ಯಾಕೆ?

‘ಖಾಲಿ ಇದ್ದ ಕಡೆಯೆಲ್ಲ ಸರಾಸರಿ ತುಂಬಿದ್ದೇವೆ.’ ವಿಶ್ಲೇಷಣೆಗೆ ಅಂತ ನನಗೆ ಡೇಟಾ ಕಳಿಸುವವರು ಎಷ್ಟೋ ಸಲ ಹೀಗೆ ಬರೆದಿರುತ್ತಾರೆ. ಅಂದರೆ ಉತ್ತರ ಸಿಗದ ಜಾಗಗಳಿಗೆಲ್ಲ ಆ ಕಾಲಂನ ಸರಾಸರಿಯನ್ನೇ ಹಾಕಿರುತ್ತಾರೆ. ಖಾಲಿಯೇ ಬಿಟ್ಟಿದ್ದರೆ ಚೆನ್ನಾಗಿತ್ತು! ಸರಾಸರಿ ತುಂಬಿದಷ್ಟೂ ಸಂಖ್ಯೆಗಳ ಏರಿಳಿತ ಕುಗ್ಗುತ್ತದೆ, ಕಾಲಂಗಳ ನಡುವಿನ ನಂಟು ಸಡಿಲವಾಗುತ್ತದೆ. ಹಾಗಂತ ಖಾಲಿ ಇರುವ ಸಾಲುಗಳನ್ನೇ ಕಿತ್ತುಹಾಕಿದರೂ ನಷ್ಟ ಜಾಸ್ತಿ. ಹತ್ತು ಕಾಲಂಗಳಲ್ಲಿ ತಲಾ 5% ಖಾಲಿ, ಅದೂ ಎಲ್ಲೆಂದರಲ್ಲಿ ಚೆದುರಿದೆ ಅಂದುಕೊಳ್ಳಿ. ಪೂರ್ತಿ ತುಂಬಿದ ಸಾಲು ಉಳಿಯುವುದು ಸುಮಾರು 60% ಮಾತ್ರ.

1970ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಮುಂದಿಟ್ಟ ದಾರಿ ಮಲ್ಟಿಪಲ್ ಇಂಪ್ಯುಟೇಶನ್. ಬೇರೆ ಕಾಲಂಗಳನ್ನು ನೋಡಿ ಇಲ್ಲಿ ಏನಿರಬಹುದು ಎಂದು ಅಂದಾಜು ಮಾಡಿ, ಅದಕ್ಕೆ ಒಂದಿಷ್ಟು ಯಾದೃಚ್ಛಿಕ ಏರುಪೇರು ಸೇರಿಸಿ ತುಂಬುವುದು. ಹೀಗೆ ಹಲವು ಸಲ, ಐದು ಸಲ ಅಂತಿಟ್ಟುಕೊಳ್ಳಿ, ತುಂಬಿ ಅಷ್ಟೇ ಡೇಟಾಸೆಟ್ ಮಾಡಿಕೊಳ್ಳುವುದು.

ಎಡವುವುದು ಇಲ್ಲೇ. ಐದು ಡೇಟಾಸೆಟ್‌ಗಳ ಸರಾಸರಿ ತೆಗೆದು ಒಂದೇ ಮಾಡಿಬಿಡುತ್ತಾರೆ. ಹಾಗೆ ಮಾಡಿದರೆ ಐದು ಸಲ ತುಂಬಿದ್ದೇ ದಂಡ. ಪ್ರತಿಯೊಂದರಲ್ಲೂ ವಿಶ್ಲೇಷಣೆ ಮಾಡಿ, ಕೊನೆಗೆ ಬಂದ ಉತ್ತರಗಳನ್ನು ಒಂದುಗೂಡಿಸಬೇಕು.

ಒಂದು ಔಷಧಿಯಿಂದ ಬಿಪಿ ಎಷ್ಟು ಇಳಿಯಿತು ಅನ್ನುವುದು ಪ್ರಶ್ನೆ ಅಂತಿಟ್ಟುಕೊಳ್ಳಿ. ಐದು ಉತ್ತರ: 2.1, 2.4, 1.9, 2.6, 2.0. ಪ್ರತಿಯೊಂದರ ಸ್ಟ್ಯಾಂಡರ್ಡ್ ಎರರ್, ಅಂದರೆ ಉತ್ತರ ಎಷ್ಟು ಆಚೀಚೆ ಆಗಬಹುದು ಅನ್ನುವ ಅಂದಾಜು, 0.5. ಉತ್ತರಗಳ ಸರಾಸರಿ 2.2, ಇದು ಸುಲಭ. ವೇರಿಯನ್ಸ್‌ಗೆ (ಏರಿಳಿತದ ಅಳತೆಗೆ) ಎರಡು ಭಾಗ. ಒಳಗಿನದು 0.5ರ ವರ್ಗ, ಅಂದರೆ 0.25. ಐದು ಉತ್ತರಗಳ ನಡುವಿನದು 0.085. ಎರಡನೆಯದನ್ನು 1 ಮತ್ತು ಐದನೇ ಒಂದರ ಮೊತ್ತದಿಂದ, ಅಂದರೆ 1.2ರಿಂದ ಗುಣಿಸಿ ಮೊದಲನೆಯದಕ್ಕೆ ಸೇರಿಸಿದರೆ 0.352. ಅದರ ವರ್ಗಮೂಲ 0.59. ಸ್ಟ್ಯಾಂಡರ್ಡ್ ಎರರ್ 0.5ರಿಂದ 0.59ಕ್ಕೆ ಏರಿತಲ್ಲ, ಅದೇ ನಮಗೆ ಗೊತ್ತಿಲ್ಲದ್ದರ ಲೆಕ್ಕ.

ಇದೇ ಡೇಟಾದಲ್ಲಿ ಕೆಲವರ ತೂಕ ಖಾಲಿ ಇದೆ ಅಂದುಕೊಳ್ಳಿ; ನಾವು ಉತ್ತರ ಹುಡುಕುತ್ತಿರುವುದು ಬಿಪಿಯ ಬಗ್ಗೆ. ‘ತೂಕದ ಕಾಲಂ ತುಂಬೋಕೆ ಬಿಪಿಯನ್ನೇ ಬಳಸೋದು ಮೋಸ ಅಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ, ಬಳಸಲೇಬೇಕು. ಬಿಟ್ಟರೆ ತುಂಬಿದ ತೂಕಕ್ಕೂ ಬಿಪಿಗೂ ಸಂಬಂಧವೇ ಇಲ್ಲದಂತಾಗಿ, ಇರುವ ನಂಟೂ ತೆಳುವಾಗುತ್ತದೆ. ಇನ್ನು ಎಷ್ಟು ಸಲ ತುಂಬಬೇಕು? ಐದು ಹಳೆಯ ರೂಢಿ. ಈಗ 30% ಸಾಲುಗಳಲ್ಲಿ ಏನಾದರೂ ಖಾಲಿ ಇದ್ದರೆ ಕನಿಷ್ಠ 30 ಸಲ ಅನ್ನುತ್ತಾರೆ. ಕಂಪ್ಯೂಟರ್‌ಗೆ ಅದೇನು ಭಾರವಲ್ಲ.

ಖಾಲಿ ಬಿಡಲು ಆ ಸಂಖ್ಯೆಯೇ ಕಾರಣವಾದಾಗ ಮಾತ್ರ ಕಷ್ಟ. ಆದಾಯ ಹೆಚ್ಚಿರುವವರೇ ಆದಾಯ ಹೇಳದಿದ್ದರೆ, ಮಾಮೂಲಿ ವಿಧಾನ ಕಡಿಮೆ ಸಂಖ್ಯೆಯನ್ನೇ ತುಂಬುತ್ತದೆ. ಅಂಥ ಕಡೆ ತುಂಬಿದ ಆದಾಯಗಳನ್ನು 10%, 20%, 30% ಏರಿಸಿ ಮತ್ತೆ ಮತ್ತೆ ಲೆಕ್ಕ ಹಾಕುತ್ತೇನೆ. ಎಷ್ಟು ಏರಿಸಿದಾಗ ತೀರ್ಮಾನ ತಿರುಗುತ್ತದೋ ಅದನ್ನು ವರದಿಯಲ್ಲಿ ಬರೆಯುತ್ತೇನೆ. ಅಷ್ಟು ಏರಿಕೆ ನಿಜಕ್ಕೂ ಸಾಧ್ಯವಾ ಅಂತ ಹೇಳಬೇಕಾದವರು ಆ ಕ್ಷೇತ್ರ ಬಲ್ಲವರು.