ಇಳಿಸಿದ್ದು ಯಾಕೆ ಅಂದ್ರೆ...

"ಏನೋ ಸೆನ್ಸರ್ ಕೆಟ್ಟಿತ್ತಂತೆ, ಅಷ್ಟಕ್ಕೇ ವಾಪಸ್ ತಂದುಬಿಟ್ರು!" ದಾರಿ ಬದಲಿಸಿ ಇಳಿದ ವಿಮಾನದ ಪ್ರಯಾಣಿಕರು ಹೀಗೆ ಗೊಣಗುವುದು ನಮ್ಮಂಥ ವಿಮಾನ ನಿರ್ವಹಣಾ ಎಂಜಿನಿಯರುಗಳಿಗೆ ಹೊಸದಲ್ಲ. ಅವರ ಸಿಟ್ಟೂ ಸರಿಯೇ. ಎಂಜಿನ್ ಚೆನ್ನಾಗಿದೆ, ರೆಕ್ಕೆ ಚೆನ್ನಾಗಿದೆ. ಮತ್ತೆ ಇಳಿಸಿದ್ದು ಯಾಕೆ?

ವೇಗ ಮತ್ತು ಎತ್ತರ ಪೈಲಟ್‌ಗೆ ಗೊತ್ತಾಗುವುದು ಗಾಳಿಯ ಒತ್ತಡದಿಂದ. ಮೂತಿಯ ಹತ್ತಿರದ ಪಿಟೋ ಟ್ಯೂಬುಗಳು ಎದುರಿನಿಂದ ನುಗ್ಗುವ ಗಾಳಿಯನ್ನು ಹಿಡಿಯುತ್ತವೆ. ಪಕ್ಕದ ಸಣ್ಣ ತೂತುಗಳು ಸುತ್ತಲಿನ ಒತ್ತಡವನ್ನು ಹೇಳುತ್ತವೆ. ಏರ್‌ಬಸ್ ಎ320ರಲ್ಲಿ ಈ ಲೆಕ್ಕ ಹಾಕುವ ಡಬ್ಬಿಗಳು ಮೂರು. ನಾವು ಅವನ್ನು ಎಡಿಐಆರ್‌ಯು ಅನ್ನುತ್ತೇವೆ. ಒಂದರ ಲೆಕ್ಕ ಉಳಿದೆರಡಕ್ಕೆ ತಾಳೆಯಾಗದಿದ್ದರೆ ಅದನ್ನು ಬದಿಗಿಡಬಹುದು. ಆದರೆ ಉಳಿದೆರಡೂ ಒಂದೊಂದು ಹೇಳತೊಡಗಿದರೆ? ಯಾವುದನ್ನು ನಂಬಬೇಕು ಅನ್ನುವ ಪರಿಸ್ಥಿತಿ ಬರುವ ಮುಂಚೆಯೇ ಇಳಿಯುವುದು ಒಳ್ಳೆಯದು, ಅಲ್ವಾ?

ಇನ್ನೊಂದು ಕಾರಣ ಪ್ರಯಾಣಿಕರಿಗೆ ಕಾಣುವುದಿಲ್ಲ. 29,000ದಿಂದ 41,000 ಅಡಿಯವರೆಗೆ ವಿಮಾನಗಳು ಒಂದರ ಮೇಲೊಂದು ಬರೀ 1,000 ಅಡಿ ಅಂತರದಲ್ಲಿ ಹೋಗುತ್ತವೆ. ಅಲ್ಲಿ ಹಾರಲು ಎತ್ತರ ಅಳೆಯುವ ಎರಡು ಸ್ವತಂತ್ರ ವ್ಯವಸ್ಥೆಗಳು ಸರಿಯಾಗಿರಬೇಕು. ಒಂದು ಕೈಕೊಟ್ಟರೆ ಸಾಮಾನ್ಯವಾಗಿ ನೆಲದ ಮೇಲಿನ ವಾಯು ಸಂಚಾರ ಕಂಟ್ರೋಲರ್‌ಗೆ ಹೇಳಿ ಕೆಳಗಿಳಿಯಬೇಕಾಗುತ್ತದೆ. ಕೆಳಗೆ ಜೆಟ್ ಎಂಜಿನ್ ಜಾಸ್ತಿ ಇಂಧನ ಕುಡಿಯುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೊರಟವರು ನಾಗಪುರದಲ್ಲಿ ಇಳಿಯುವ ಲೆಕ್ಕ ಬರುವುದು ಹೀಗೆ.

2005ರ ಆಗಸ್ಟ್ 1ರಂದು ಮಲೇಷ್ಯಾ ಏರ್‌ಲೈನ್ಸ್‌ನ ಬೋಯಿಂಗ್ 777 ಪರ್ತ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿತ್ತು. 38,000 ಅಡಿಯ ಹತ್ತಿರ ಪರದೆಯ ಮೇಲೆ ವಿಚಿತ್ರ: ವೇಗ ಮಿತಿ ಮೀರುತ್ತಿದೆ ಎಂದೂ ತೋರಿಸುತ್ತಿದೆ, ತೀರಾ ಇಳಿಯುತ್ತಿದೆ ಎಂದೂ ತೋರಿಸುತ್ತಿದೆ. ಮೂತಿ ತಾನಾಗಿಯೇ ಮೇಲೆದ್ದು ವಿಮಾನ ಸುಮಾರು 41,000 ಅಡಿಗೆ ಏರಿತು. ವೇಗ 158 ನಾಟ್‌ಗೆ (ಗಂಟೆಗೆ ಸುಮಾರು 290 ಕಿ.ಮೀ.) ಬಿತ್ತು. ಪೈಲಟ್ ಆಟೋಪೈಲಟ್ ತೆಗೆದು, ವಿಮಾನವನ್ನು ಪರ್ತ್‌ಗೆ ವಾಪಸ್ ತಂದರು. ಯಾರಿಗೂ ಗಾಯವಾಗಲಿಲ್ಲ.

ತನಿಖೆಯಲ್ಲಿ ಗೊತ್ತಾಗಿದ್ದು ಇದು. ಆ ವಿಮಾನದ ಎಡಿಐಆರ್‌ಯು ಡಬ್ಬಿಯೊಳಗಿನ ಒಂದು ಆಕ್ಸೆಲೆರೋಮೀಟರ್ (ವೇಗದ ಬದಲಾವಣೆ ಅಳೆಯುವ ಸೆನ್ಸರ್) 2001ರ ಜೂನ್‌ನಲ್ಲೇ ಕೆಟ್ಟಿತ್ತು. ಬೇರೆಯವು ಇವೆಯಲ್ಲ ಎಂದು ಸಾಫ್ಟ್‌ವೇರ್ ಅದನ್ನು ಬದಿಗಿಟ್ಟು ಕೆಲಸ ಮುಂದುವರಿಸಿತು. ಅವತ್ತು ಇನ್ನೊಂದು ಕೆಟ್ಟಿತು. ಆಗ ಸಾಫ್ಟ್‌ವೇರ್‌ನ ದೋಷದಿಂದಾಗಿ, ಬದಿಗಿಟ್ಟಿದ್ದರ ಸುಳ್ಳು ಲೆಕ್ಕ ಮತ್ತೆ ಬಳಕೆಗೆ ಬಂತು. ಕೆಟ್ಟ ಭಾಗ ನಾಲ್ಕು ವರ್ಷ ಒಳಗೇ ಕೂತಿತ್ತು, ವಿನ್ಯಾಸವೇ ಅದಕ್ಕೆ ಅವಕಾಶ ಕೊಟ್ಟಿತ್ತು! ನಮ್ಮ ಕಸುಬಿನವರಿಗೆ ಮೈ ಜುಮ್ಮೆನ್ನುವುದು ಇಲ್ಲೇ.

2025ರ ಅಕ್ಟೋಬರ್ 30ರಂದು ಮೆಕ್ಸಿಕೋದ ಕಾನ್‌ಕೂನ್‌ನಿಂದ ಅಮೆರಿಕದ ನ್ಯೂವಾರ್ಕ್‌ಗೆ ಹೊರಟಿದ್ದ ಜೆಟ್‌ಬ್ಲೂ ಎ320 ಹಠಾತ್ತನೆ ಕೆಳಗಿಳಿದು, ಟ್ಯಾಂಪಾದಲ್ಲಿ ಇಳಿಯಬೇಕಾಯಿತು. ಗಾಯಗೊಂಡವರಿದ್ದರು. ತೀವ್ರ ಸೌರ ವಿಕಿರಣದಿಂದ ನಿಯಂತ್ರಣ ಕಂಪ್ಯೂಟರ್‌ನ ಡೇಟಾ ಕೆಡಬಹುದು ಎಂದು ಏರ್‌ಬಸ್ ಮುಂದಿನ ತಿಂಗಳು ಹೇಳಿತು. ಸುಮಾರು 6,000 ವಿಮಾನಗಳಿಗೆ ರಿಪೇರಿ, ಹೆಚ್ಚಿನವಕ್ಕೆ ಹಳೆಯ ಸಾಫ್ಟ್‌ವೇರ್‌ಗೆ ಮರಳುವುದೇ ಮದ್ದು. ಇಂಡಿಗೋ, ಏರ್ ಇಂಡಿಯಾದವೂ ಆ ಪಟ್ಟಿಯಲ್ಲಿದ್ದವು.

ದಿನನಿತ್ಯದ ತಂಟೆಗಳು ಇದಕ್ಕಿಂತ ಸಣ್ಣವು. ಪಿಟೋ ಟ್ಯೂಬಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟುತ್ತದೆ. ಪೈಪಿನಲ್ಲಿ ನೀರು ನಿಲ್ಲುತ್ತದೆ. ಟ್ಯೂಬಿಗೆ ಕವಚ ಹಾಕುವುದು ಇಂಥದ್ದಕ್ಕೇ. ಅದರ ಕೆಂಪು ಪಟ್ಟಿ ಹೊರಡುವ ಮುಂಚೆ ಕಣ್ಣಿಗೆ ಬೀಳಬೇಕು, ಇಲ್ಲದಿದ್ದರೆ ಕವಚವೇ ಸಮಸ್ಯೆ. 2018ರಲ್ಲಿ ಬ್ರಿಸ್ಬೇನ್‌ನಿಂದ ಕವಚ ತೆಗೆಯದೇ ಹೊರಟ ಮಲೇಷ್ಯಾ ಏರ್‌ಲೈನ್ಸ್ ವಿಮಾನವೊಂದು ವೇಗವೇ ಗೊತ್ತಾಗದೆ ಮರಳಿ ಬಂದಿತ್ತು.

ನಾವು ಮೊದಲು ಟ್ಯೂಬು, ಪೈಪು ನೋಡುತ್ತೇವೆ. ಆಮೇಲೆ ಒಂದನೇ ಡಬ್ಬಿಯನ್ನು ಎರಡನೆಯದರ ಜಾಗಕ್ಕೆ ಹಾಕುತ್ತೇವೆ. ತೊಂದರೆ ಡಬ್ಬಿಯ ಜೊತೆ ಹೋದರೆ ಡಬ್ಬಿಯದ್ದು. ಅಲ್ಲೇ ಉಳಿದರೆ ವೈರಿನದ್ದೋ ಟ್ಯೂಬಿನದ್ದೋ. ಎಷ್ಟೋ ಸಲ ನೆಲದ ಮೇಲಿನ ಟೆಸ್ಟ್‌ನಲ್ಲಿ ಎಲ್ಲ ಸರಿ ಅಂತಲೇ ಬರುತ್ತದೆ, ಮೇಲಿನ ಚಳಿ ಇಲ್ಲಿ ಎಲ್ಲಿಂದ ತರುವುದು? ಅದಕ್ಕೇ ಲಾಗ್‌ಬುಕ್‌ನಲ್ಲಿ ಸುಮ್ನೆ "ಸ್ಪೀಡ್ ಸರಿಯಿಲ್ಲ" ಅಂದರೆ ನಮಗೆ ಸಾಲದು. ಯಾವ ಕಡೆಯ ಪರದೆ, ಎಷ್ಟು ಎತ್ತರ, ಮೋಡದೊಳಗಿದ್ರಾ, ಎಷ್ಟು ಹೊತ್ತು ಹಾಗಿತ್ತು ಎಂದು ಪೈಲಟ್ ಬರೆದರೆ ಅರ್ಧ ಕೆಲಸ ಮುಗಿದಂತೆ.