ಸಿಲೊವಾಮಿನ ಗೋಪುರ ಮತ್ತು ನಮ್ಮ ಅವಸರದ ತೀರ್ಪುಗಳು

ಭೂಕಂಪವೋ ಪ್ರವಾಹವೋ ಸಂಭವಿಸಿ ಸಾವಿರಾರು ಜನ ಸತ್ತ ಸುದ್ದಿ ಬಂದಾಗಲೆಲ್ಲ ಸಭಾಪಾಲಕರಾದ ನಮ್ಮ ಮುಂದೆ ಒಂದೇ ಪ್ರಶ್ನೆ ಬಂದು ನಿಲ್ಲುತ್ತದೆ: ಇದು ದೇವರ ನ್ಯಾಯತೀರ್ಪೇ? ದೂರದಲ್ಲಿ ಸುರಕ್ಷಿತವಾಗಿರುವವರು ಅದನ್ನು ಸತ್ತವರ ವಿಷಯದಲ್ಲಿ ಕೇಳುತ್ತಾರೆ. ಮನೆಮಠ ಕಳೆದುಕೊಂಡವರು ತಮ್ಮ ವಿಷಯದಲ್ಲೇ ಕೇಳಿಕೊಳ್ಳುತ್ತಾರೆ.

ಸತ್ಯವೇದದಲ್ಲಿ ಅಂಥ ತೀರ್ಪೇ ಇಲ್ಲ ಎಂದು ಹೇಳಿ ನಾವು ಪಾರಾಗುವಂತಿಲ್ಲ. ನೋಹನ ಕಾಲದ ಜಲಪ್ರಳಯ, ಸೊದೋಮಿನ ಮೇಲೆ ಸುರಿದ ಬೆಂಕಿ, ಪ್ರವಾದಿ ಆಮೋಸನು ತನ್ನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಹೇಳುವ ಅನಾವೃಷ್ಟಿ ಮತ್ತು ಮಿಡತೆ, ಇವೆಲ್ಲ ದೇವರ ಕೈಯಿಂದ ಬಂದವೆಂದೇ ಗ್ರಂಥ ಹೇಳುತ್ತದೆ. ಆದರೆ ಈ ಪ್ರಸಂಗಗಳನ್ನು ನಿಧಾನವಾಗಿ ಓದಿದರೆ, ವಿಪತ್ತಿಗಿಂತ ಮೊದಲು ದೇವರ ಮಾತು ಬಂದಿರುತ್ತದೆ ಮತ್ತು ಆ ಮಾತು ಕೇಳಿಸಿಕೊಂಡವನು ಅನೇಕ ಸಲ ಜನರ ಪರವಾಗಿ ದೇವರ ಎದುರು ನಿಂತಿರುತ್ತಾನೆ. ಸೊದೋಮಿಗಾಗಿ ಅಬ್ರಹಾಮನು ಐವತ್ತು ಮಂದಿ ನೀತಿವಂತರಿಂದ ಹತ್ತರವರೆಗೆ ಇಳಿಸುತ್ತಾ ಬೇಡಿಕೊಂಡನು. ಮಿಡತೆಯ ದರ್ಶನ ಕಂಡ ಆಮೋಸನು, ಯಾಕೋಬ ಚಿಕ್ಕವನು, ಅವನು ಹೇಗೆ ಉಳಿದಾನು ಎಂದು ಮೊರೆಯಿಟ್ಟನು. ನಿನೆವೆಗೆ ನಲವತ್ತು ದಿನಗಳ ಗಡುವು ಸಿಕ್ಕಿತು, ಜನ ತಿರುಗಿಕೊಂಡಾಗ ಕೇಡು ತಪ್ಪಿತು. ನಮ್ಮ ಕಾಲದ ವ್ಯಾಖ್ಯಾನಕಾರರಾದರೋ ಎಲ್ಲ ಮುಗಿದ ಮೇಲೆ ಬರುತ್ತಾರೆ. ಅವರಿಗೆ ಮುಂಚಿತವಾಗಿ ಯಾವ ಮಾತೂ ಬಂದಿರುವುದಿಲ್ಲ, ಸತ್ತವರಿಗಾಗಿ ಅವರು ಒಂದು ರಾತ್ರಿಯೂ ಬೇಡಿಕೊಂಡಿರುವುದಿಲ್ಲ. ಪ್ರವಾದಿಯ ಪಟ್ಟಕ್ಕೆ ಅಷ್ಟು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಈ ಪ್ರಶ್ನೆ ಯೇಸುವಿನ ಮುಂದೆಯೇ ಬರುತ್ತದೆ. ಬಲಿ ಅರ್ಪಿಸುತ್ತಿದ್ದ ಗಲಿಲಾಯದವರನ್ನು ಪಿಲಾತನು ಕೊಲ್ಲಿಸಿದ ಸುದ್ದಿಯನ್ನು ಕೆಲವರು ತಂದರು. ಯೇಸು ಅದರ ಜೊತೆಗೆ ತಾನೇ ಇನ್ನೊಂದು ದುರಂತವನ್ನು ಸೇರಿಸಿದನು: ಸಿಲೊವಾಮಿನಲ್ಲಿ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ. ಮೊದಲನೆಯದು ಒಬ್ಬ ಅಧಿಕಾರಿಯ ಕ್ರೌರ್ಯ, ಎರಡನೆಯದು ಯಾರೂ ಬಯಸದ ಅಪಘಾತ. ಎರಡಕ್ಕೂ ಆತನ ಉತ್ತರ ಒಂದೇ. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸುತ್ತೀರೋ? ಇಲ್ಲ, ನೀವು ದೇವರ ಕಡೆಗೆ ತಿರುಗಿಕೊಳ್ಳದಿದ್ದರೆ ನೀವೆಲ್ಲರೂ ಹಾಗೆಯೇ ನಾಶವಾಗುವಿರಿ. ಇಲ್ಲಿ ಮಾನಸಾಂತರದ ಕರೆ ಮೃದುವಾಗಿಲ್ಲ, ಆದರೆ ಅದು ಬದುಕಿ ಉಳಿದ ಕೇಳುಗರಿಗೆ ಬಂದ ಕರೆ. ಸತ್ತವರ ಪಾಪದ ಲೆಕ್ಕ ತೆಗೆಯಲು ಯೇಸು ಒಪ್ಪಲಿಲ್ಲ.

ಸಭೆಯ ಚರಿತ್ರೆಯಲ್ಲಿ ಈ ಎಚ್ಚರಿಕೆಯನ್ನು ನಾವು ಪದೇ ಪದೇ ಮರೆತಿದ್ದೇವೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರದ ಚರ್ಚುಗಳಲ್ಲಿ ಜನ ತುಂಬಿದ್ದಾಗಲೇ ಭೂಮಿ ಕಂಪಿಸಿತು. ಕಟ್ಟಡಗಳು ಆರಾಧಕರ ಮೇಲೆಯೇ ಕುಸಿದವು, ಆಮೇಲೆ ಸುನಾಮಿ ಮತ್ತು ಬೆಂಕಿ ನಗರವನ್ನು ಆವರಿಸಿದವು. ಜೆಸ್ವಿಟ್ ಪಾದ್ರಿ ಗೇಬ್ರಿಯೆಲ್ ಮಲಗ್ರಿಡಾ ಇದು ನಗರದ ಪಾಪಗಳಿಗೆ ಬಂದ ದಂಡನೆಯೆಂದು ಬರೆದರು. ಪ್ರಾಟೆಸ್ಟೆಂಟ್ ನಾಡುಗಳ ಬೋಧಕರಲ್ಲಿ ಕೆಲವರು ಇದಕ್ಕೆ ಧರ್ಮವಿರೋಧಿಗಳೆಂದು ಕಂಡವರನ್ನು ವಿಚಾರಿಸಿ ದಂಡಿಸುತ್ತಿದ್ದ ಅಲ್ಲಿನ ಕ್ಯಾಥೊಲಿಕ್ ಇನ್‌ಕ್ವಿಸಿಷನ್ ನ್ಯಾಯಮಂಡಳಿಯೇ ಕಾರಣವೆಂದರು. ಒಂದೇ ಅವಶೇಷದಲ್ಲಿ ಇಬ್ಬರೂ ತಮ್ಮ ತಮ್ಮ ಎದುರಾಳಿಯ ಪಾಪವನ್ನೇ ಕಂಡರು.

2010ರಲ್ಲಿಯೂ ಹಾಗೇ ಆಯಿತು. ಆ ವರ್ಷದ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾದಾಗ, ಅಮೆರಿಕದ ಒಬ್ಬ ಟಿವಿ ಬೋಧಕರು ಆ ದೇಶದ ಪೂರ್ವಜರು ಸೈತಾನನೊಡನೆ ಒಪ್ಪಂದ ಮಾಡಿಕೊಂಡಿದ್ದರೆಂದು ಹೇಳಿದರು. ಫೆಬ್ರವರಿ 27ರಂದು ಚಿಲಿಯಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಬಿಡುಗಡೆಯಾದ ಶಕ್ತಿ ಸುಮಾರು 500 ಪಟ್ಟು ಹೆಚ್ಚು, ಆದರೆ ಸತ್ತವರು ಸುಮಾರು 500 ಮಂದಿ. ಹೈಟಿಯಲ್ಲಿ ಬಹುತೇಕ ಅಂದಾಜುಗಳ ಪ್ರಕಾರವೇ ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಹೈಟಿಯ ಭೂಕಂಪದ ಕೇಂದ್ರ ರಾಜಧಾನಿಗೆ ಹತ್ತಿರವಿತ್ತು ಎಂಬುದು ನಿಜ, ಆದರೂ ದೊಡ್ಡ ವ್ಯತ್ಯಾಸ ಇದ್ದದ್ದು ಕಟ್ಟಡಗಳಲ್ಲಿ. ಚಿಲಿಯಲ್ಲಿ ಭೂಕಂಪ ತಾಳುವ ಕಟ್ಟಡಗಳಿಗಾಗಿ ಕಟ್ಟುನಿಟ್ಟಾದ ನಿಯಮಗಳಿದ್ದವು. ಹೈಟಿಯ ಬಡವರ ಮನೆಗಳು ದುರ್ಬಲ ಕಾಂಕ್ರೀಟಿನವು. ಇದನ್ನು ದೈವದಂಡನೆ ಎನ್ನುವವರು, ದೇವರು ಬಡತನವನ್ನೇ ದಂಡಿಸುತ್ತಾನೆ ಎಂದು ಒಪ್ಪಬೇಕಾಗುತ್ತದೆ. ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದವರ ಮೇಲೆ ಕೋಪಗೊಂಡ ಆಮೋಸನ ದೇವರಿಗೆ ಈ ಮಾತು ಸಲ್ಲುವುದಿಲ್ಲ. ಭೂಫಲಕಗಳ ಚಲನೆ ಪಾಪವಲ್ಲ. ಅದೇ ಚಲನೆ ಬೆಟ್ಟಗಳನ್ನು ಎತ್ತಿ ನೆಲವನ್ನು ಹೊಸದಾಗಿಸುತ್ತದೆ. ಸಿಮೆಂಟಿನಲ್ಲಿ ಮೋಸ ಮಾಡುವುದು ಮಾತ್ರ ಖಂಡಿತವಾಗಿ ಪಾಪ, ಮತ್ತು ಅಲ್ಲಿ ಮಾನಸಾಂತರಕ್ಕೆ ಬೇಕಾದಷ್ಟು ಅವಕಾಶವಿದೆ.

ಆಪ್ತಸಮಾಲೋಚನೆಯಲ್ಲಿ ಈ ಬೋಧನೆಯ ಪರಿಣಾಮ ಕಣ್ಣಿಗೆ ಕಟ್ಟುತ್ತದೆ. ಪ್ರವಾಹದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ನೋಟ್‌ಪುಸ್ತಕದ ಹಾಳೆಯೊಂದನ್ನು ಬಿಡಿಸಿ ನನ್ನ ಮೇಜಿನ ಮೇಲಿಟ್ಟರು. ತಂಗಿಯೊಡನೆ ಮಾತು ಬಿಟ್ಟದ್ದು, ಉಪವಾಸದ ದಿನ ಊಟ ಮಾಡಿದ್ದು, ಹರಕೆಯ ಕಾಣಿಕೆಗೆ ತಡಮಾಡಿದ್ದು, ಹೀಗೆ ತಮ್ಮ ಪಾಪಗಳನ್ನು ಒಂದರ ಕೆಳಗೊಂದು ಬರೆದಿದ್ದರು. ಇವುಗಳಲ್ಲಿ ಯಾವುದಕ್ಕೆ ಎಂದು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಕೇಳಿದರು. ಯಾವುದಕ್ಕೂ ಅಲ್ಲ ಎಂದು ಹೇಳಿ, ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರಾರು ಎಂದು ಶಿಷ್ಯರು ಕೇಳಿದಾಗ ಯೇಸು ಕೊಟ್ಟ ಉತ್ತರವನ್ನು ಓದಿದೆ: ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ. ಆಮೇಲೆ ಯೆಶಾಯನ ಐವತ್ತಮೂರನೆಯ ಅಧ್ಯಾಯ ತೆರೆದೆವು. ಸಂಕಟಪಡುವ ಸೇವಕನನ್ನು ಕಂಡವರು, ಇವನು ದೇವರಿಂದ ಹೊಡೆಯಲ್ಪಟ್ಟವನು ಎಂದೇ ಎಣಿಸಿದ್ದರು, ಆದರೆ ಅವನು ಹೊತ್ತದ್ದು ಅವರ ವೇದನೆಯನ್ನು. ಆ ಸೇವಕನಲ್ಲಿ ಸಭೆ ಶಿಲುಬೆಯ ಮೇಲಿನ ಯೇಸುವನ್ನೇ ಕಾಣುತ್ತದೆ. ಶಿಲುಬೆಯನ್ನೇ ತಪ್ಪಾಗಿ ಓದಿದ ಮನುಷ್ಯರು ನೆರೆಯವರ ನೋವನ್ನು ಸರಿಯಾಗಿ ಓದಬಲ್ಲೆವೆಂದು ಹೇಳಿಕೊಳ್ಳುವ ಮುನ್ನ ಬಹಳ ಯೋಚಿಸಬೇಕು.

ಹಾಗಾದರೆ ದೇವರು ಇದನ್ನು ಯಾಕೆ ತಡೆಯಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಪೌಲನು ರೋಮಾಪುರದವರಿಗೆ ಬರೆದನು. ಬಿಡುಗಡೆಯ ನಿರೀಕ್ಷೆಯನ್ನು ಕೊಟ್ಟನೇ ಹೊರತು ಒಂದೊಂದು ಸಾವಿಗೂ ಕಾರಣ ಕೊಡಲಿಲ್ಲ. ಯೋಬನಿಗೂ ಕಾರಣ ಸಿಗಲಿಲ್ಲ. ಬಿರುಗಾಳಿಗೆ ಮನೆ ಕುಸಿದು ಮಕ್ಕಳೆಲ್ಲ ಸತ್ತ ಅವನ ಎದುರು, ಪಾಪವಿಲ್ಲದೆ ಹೀಗಾಗದು ಎಂದು ಮೂವರು ಗೆಳೆಯರು ದೇವರ ಪರವಾಗಿಯೇ ವಾದಿಸಿದ್ದರು. ಕೊನೆಯಲ್ಲಿ ದೇವರ ಕೋಪ ಅವರ ಮೇಲೆ ಎದ್ದಿತು: ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬನ ಬಳಿಗೆ ಹೋಗಿ ಬಲಿ ಅರ್ಪಿಸಿರಿ, ಅವನು ನಿಮಗಾಗಿ ಪ್ರಾರ್ಥಿಸಲಿ. ಪ್ರಸಂಗಪೀಠದಿಂದ ಅಂಥ ಮಾತು ಆಡಿದ ನನ್ನ ಸಹೋದ್ಯೋಗಿಗಳಿಗೆ ನಾನು ಕೊಡುವ ಸಲಹೆ ಯೋಬನ ಗ್ರಂಥದ ಈ ಕೊನೆಯ ಅಧ್ಯಾಯದಿಂದಲೇ ಬಂದದ್ದು: ಮುಂದಿನ ಭಾನುವಾರದ ಪ್ರಸಂಗದಲ್ಲಿ ತಿದ್ದುಪಡಿ ಹೇಳಿದರೆ ಸಾಲದು, ಆ ಮಾತು ಕೇಳಿ ನೊಂದ ಕುಟುಂಬದ ಮನೆಗೇ ಹೋಗಿ ಕ್ಷಮೆ ಕೇಳಿ, ನಮಗಾಗಿ ಪ್ರಾರ್ಥಿಸಿರಿ ಎಂದು ಅವರನ್ನೇ ಬೇಡಿಕೊಳ್ಳಬೇಕು.