ಹೃದಯದ ತುಂಬಾ ರಕ್ತ ಇದ್ರೂ ಹೃದಯಕ್ಕೇ ರಕ್ತ ಸಿಗಲ್ಲ ಅಂದ್ರೆ ಹೇಗೆ?

ಪ್ರಶ್ನೆ: "ಸರ್, ನಾನು ಫಸ್ಟ್ ಪಿಯುಸಿ. ಹೃದಯದ ಒಳಗೆ ಯಾವಾಗ್ಲೂ ರಕ್ತ ಇದ್ದೇ ಇರುತ್ತೆ, ನಿಮಿಷಕ್ಕೆ 5 ಲೀಟರ್ ಅದರ ಮೂಲಕಾನೇ ಹೋಗುತ್ತೆ ಅಂತ ಬುಕ್ಕಲ್ಲಿದೆ. ಹಾರ್ಟ್ ಅಟ್ಯಾಕ್ ಅಂದ್ರೆ ಹೃದಯಕ್ಕೆ ರಕ್ತ ಸಾಲದೆ ಆಗೋದು ಅಂತಾನೂ ಇದೆ. ಎರಡೂ ಹೇಗೆ ಸರಿ? ಕ್ಲಾಸಲ್ಲಿ ಕೇಳೋಕೆ ನಾಚಿಕೆ ಆಯ್ತು."

ನಾಚ್ಕೋಬೇಡ ಕಣಮ್ಮ. ಹೃದಯದ ಪಾಠ ಮಾಡೋಕೆ ಶುರು ಮಾಡಿದಾಗಿಂದ ಪ್ರತಿ ವರ್ಷ ಒಬ್ರಾದ್ರೂ ಇದನ್ನ ಕೇಳ್ತಾರೆ, ಹೆಚ್ಚಿನವರು ಕ್ಲಾಸ್ ಮುಗಿದ್ಮೇಲೆ ಕಾರಿಡಾರಲ್ಲಿ ಹಿಂದೆ ಬಂದು ಕೇಳ್ತಾರೆ, ಮತ್ತೆ ಯಾರು ಇದನ್ನ ಕೇಳ್ತಾರೋ ಅವರಿಗೆ ಪಾಠ ನಿಜವಾಗ್ಲೂ ತಲೆಗೆ ಹತ್ತಿದೆ ಅಂತ ನಂಗೆ ಗೊತ್ತಾಗುತ್ತೆ. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ಅನ್ನೋ ದೊಡ್ಡ ವೈದ್ಯನೇ ಹೃದಯದ ಬಲಗಡೆ ಕೋಣೆಯಲ್ಲಿರೋ ರಕ್ತ ಹೃದಯಕ್ಕೆ ಆಹಾರ ಅಂತ ನಂಬಿದ್ದ. 13ನೇ ಶತಮಾನದಲ್ಲಿ ಡಮಾಸ್ಕಸ್ ಕಡೆಯಿಂದ ಬಂದು ಕೈರೋದಲ್ಲಿ ಕೆಲಸ ಮಾಡ್ತಿದ್ದ ಇಬ್ನ್ ಅಲ್ ನಫೀಸ್ ಅದನ್ನ ಒಪ್ಪಲಿಲ್ಲ, ಹೃದಯಕ್ಕೆ ಪೋಷಣೆ ಸಿಗೋದು ಹೃದಯದ ಮಾಂಸದೊಳಗೇ ಹರಡಿರೋ ನಾಳಗಳಿಂದ ಅಂತ ಬರೆದ. ವಿಲಿಯಂ ಹಾರ್ವೆ ರಕ್ತ ಸುತ್ತು ಹೊಡೆಯುತ್ತೆ ಅಂತ ತೋರಿಸಿದ ಪುಸ್ತಕ ಬಂದಿದ್ದು 1628ರಲ್ಲಿ, ಅಂದ್ರೆ ಇದು ಅದಕ್ಕೂ ಮುನ್ನೂರು ನಾನೂರು ವರ್ಷ ಹಿಂದಿನ ಮಾತು.

ಒಂದು ಡೀಸೆಲ್ ಟ್ಯಾಂಕರ್ ಲಾರಿ ನೆನಪು ಮಾಡ್ಕೊ. ಬೆನ್ನ ಮೇಲೆ ಹನ್ನೆರಡು ಸಾವಿರ ಲೀಟರ್ ಡೀಸೆಲ್ ಇರುತ್ತೆ, ಆದ್ರೆ ಇಂಜಿನ್ ಓಡೋದು ಪಕ್ಕದಲ್ಲಿರೋ ಸ್ವಂತ ಟ್ಯಾಂಕಿಂದ, ಬೆರಳು ಗಾತ್ರದ ಪೈಪಲ್ಲಿ ಬರೋ ಡೀಸೆಲ್‌ನಿಂದ. ಆ ಪೈಪ್ ಕಟ್ಕೊಂಡ್ರೆ ಲಾರಿ ರೋಡಲ್ಲೇ ನಿಲ್ಲುತ್ತೆ, ಬೆನ್ನ ಮೇಲೆ ಎಷ್ಟು ಹೊತ್ಕೊಂಡಿದ್ರೂ ಅಷ್ಟೇ. ಹೃದಯದ ಕೋಣೆಗಳಲ್ಲಿರೋ ರಕ್ತ ಹಾಗೆ, ಊರಿಗೆಲ್ಲ ತಲುಪಿಸಬೇಕಾದ ಲೋಡು. ಹೃದಯದ ಸ್ವಂತ ಪೈಪೇ ಕರೋನರಿ ಅಪಧಮನಿ.

ನಿಮ್ಮ ಪಠ್ಯಪುಸ್ತಕದಲ್ಲಿ ಈ ಕರೋನರಿ ವ್ಯವಸ್ಥೆಗೆ ಇರೋದು ಹೆಚ್ಚುಕಡಿಮೆ ಒಂದೇ ಸಾಲು, ಹೃದಯದ ಸ್ನಾಯುವಿಗೆ ರಕ್ತ ಕೊಡೋಕೆ ಅಂತಲೇ ಪ್ರತ್ಯೇಕ ರಕ್ತನಾಳ ಇದೆ ಅಂತ. ಡಬಲ್ ಸರ್ಕ್ಯುಲೇಷನ್ ಚಿತ್ರ ಬರೆಯೋ ಗಡಿಬಿಡೀಲಿ ಆ ಸಾಲು ಯಾರ ಕಣ್ಣಿಗೂ ಬೀಳಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ, ಯಾಕಂದ್ರೆ ನಮ್ಮ ಮನೆಗಳಲ್ಲಿ ಜನ ಸಾಯೋದು ಆ ಒಂದು ಸಾಲಿನಲ್ಲಿ, ಇಸಿಜಿಯ ಪಿ ಕ್ಯು ಆರ್ ಎಸ್ ಬಾಯಿಪಾಠ ಮಾಡಿದವರಿಗೂ ಆ ಸಾಲು ಗೊತ್ತಿರಲ್ಲ.

ಸರಿ, ಒಳಗಿರೋ ರಕ್ತ ಯಾಕೆ ಸಾಲಲ್ಲ? ಮೊದಲನೇ ಕಾರಣ ಗೋಡೆಯ ದಪ್ಪ. ಎಡ ಹೃತ್ಕುಕ್ಷಿ, ಅಂದ್ರೆ ದೇಹಕ್ಕೆಲ್ಲ ರಕ್ತ ತಳ್ಳೋ ಕೆಳಗಿನ ಕೋಣೆ, ಅದರ ಗೋಡೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಆಕ್ಸಿಜನ್ ರಕ್ತದಿಂದ ಹೊರಬಂದು ಮಾಂಸದಲ್ಲಿ ಇಳಿದು ಹೋಗೋ ದೂರ ಬಹಳ ಕಡಿಮೆ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಅದಕ್ಕೇ ಹೃದಯದ ಒಂದೊಂದು ಸ್ನಾಯು ಎಳೆಗೂ ಪಕ್ಕದಲ್ಲೇ ಒಂದೊಂದು ಲೋಮನಾಳ (ಕೂದಲಿಗಿಂತ ಸಣ್ಣ ರಕ್ತನಾಳ) ಅನ್ನೋ ಹಾಗೆ ದಟ್ಟವಾಗಿ ನಾಳ ಹರಡಿರುತ್ತೆ. ಕೆರೆ ತುಂಬಿದೆ ಅಂತ ಏರಿ ಆಚೆ ಅರ್ಧ ಮೈಲಿ ದೂರದ ಗದ್ದೆ ಒದ್ದೆ ಆಗಲ್ಲ, ತೂಬಿಂದ ಕಾಲುವೆ ಬರಬೇಕು. ಇನ್ನೊಂದು ಕಾರಣ, ಬಲಗಡೆ ಎರಡು ಕೋಣೆಯಲ್ಲಿರೋದು ಆಕ್ಸಿಜನ್ ಕಳ್ಕೊಂಡು ವಾಪಸ್ ಬಂದ ರಕ್ತ, ಇಬ್ನ್ ಸೀನಾ ಎಡವಿದ್ದು ಇಲ್ಲೇ.

ಆದ್ರೆ ನಿನ್ನ ಲಾಜಿಕ್ ಪೂರ್ತಿ ತಪ್ಪಲ್ಲ, ಇದನ್ನ ಹೇಳೋಕೆ ನಂಗೆ ತುಂಬಾ ಖುಷಿ. ಹಾರ್ಟ್ ಅಟ್ಯಾಕ್‌ನಿಂದ ಸತ್ತ ಸ್ನಾಯುವನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗೋಡೆಯ ಅಷ್ಟೂ ದಪ್ಪ ಹಾಳಾಗಿದ್ರೂ ಕೋಣೆಗೆ ತಾಗಿಕೊಂಡಿರೋ ಒಂದು ತೆಳು ಪದರ, ಸುಮಾರು 0.1 ಮಿಲಿಮೀಟರಿನಷ್ಟು, ಬದುಕೇ ಇರುತ್ತೆ. ಅದಕ್ಕೆ ಒಳಗಿನ ರಕ್ತದಿಂದ ನೇರವಾಗಿ ಆಕ್ಸಿಜನ್ ಸಿಕ್ಕಿದೆ. ನೀನು ಹೇಳಿದ್ದು ಅಷ್ಟು ದಪ್ಪದವರೆಗೆ ನಿಜ, ಅದರಾಚೆ ಕರೋನರಿ ಬೇಕೇ ಬೇಕು.

ಇನ್ನೂ ಒಂದಿದೆ. ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಅಂತ ಓದಿದ್ದೀಯಲ್ಲ, ಅದರ ಹೃತ್ಕುಕ್ಷಿ ಗಟ್ಟಿ ಗೋಡೆ ಅಲ್ಲ, ಸ್ಪಂಜ್ ಥರ. ಸಂದುಸಂದಲ್ಲಿ ರಕ್ತ ನುಗ್ಗಿ ಸ್ನಾಯುವನ್ನೇ ತೋಯಿಸುತ್ತೆ, ಹಾಗಾಗಿ ಅಲ್ಲಿ ಕರೋನರಿ ನಾಳ ಇಲ್ದೆ ನಡೆಯುತ್ತೆ. ತಾಯಿ ಹೊಟ್ಟೇಲಿ ಮೊದಲ ವಾರಗಳಲ್ಲಿ ನಮ್ಮ ಹೃದಯಾನೂ ಹೀಗೇ ಒಳಗಿನ ರಕ್ತದಲ್ಲೇ ಬದುಕ್ತಾ ಇತ್ತು, ಗೋಡೆ ದಪ್ಪ ಆಗ್ತಾ ಬಂದ ಹಾಗೆ ಕರೋನರಿಗಳು ಬೆಳೆದ್ವು. ಜೋರಾಗಿ ತಳ್ಳೋಕೆ ಗೋಡೆ ದಪ್ಪ ಬೇಕು, ಗೋಡೆ ದಪ್ಪ ಆದ್ರೆ ಬೇರೆ ಪೈಪ್ ಬೇಕು, ಪೈಪ್ ಇದ್ಮೇಲೆ ಅದು ಕಟ್ಕೊಳ್ಳೋ ಭಯಾನೂ ಜೊತೇಲೇ ಬಂತು.

ಈಗ ಕಣ್ಣಾರೆ ನೋಡೋ ಮಾತು. ನಾನು ಪ್ರತಿ ವರ್ಷ ಮಟನ್ ಅಂಗಡಿಯಿಂದ ನಾಲ್ಕೈದು ಕುರಿ ಗುಂಡಿಗೆ ತಂದು ಲ್ಯಾಬಲ್ಲಿ ಟ್ರೇ ಮೇಲೆ ಇಡ್ತೀನಿ. ಮೇಲ್ಗಡೆ ಬಿಳಿ ಕೊಬ್ಬಿನ ಪಟ್ಟಿ ಕಾಣುತ್ತೆ, ಅದನ್ನ ಬೆರಳಲ್ಲಿ ಸ್ವಲ್ಪ ಬಿಡಿಸಿದ್ರೆ ಅದರಡಿ ಕರೋನರಿ ನಾಳ ಮಲಗಿರುತ್ತೆ, ನೂಡಲ್ಸ್ ಎಳೆಯಷ್ಟು ಸಣ್ಣದು. ಆಮೇಲೆ ಮೇಲಿಂದ ಹೊರಟಿರೋ ದಪ್ಪ ಪೈಪು, ಮಹಾಪಧಮನಿ, ಅದನ್ನ ಉದ್ದಕ್ಕೆ ಸೀಳೋ ಮುಂಚೆ ಅದರೊಳಗೆ ಲೋಟದಿಂದ ನೀರು ಹೊಯ್ಯಿ. ನೀರು ಕೆಳಗೆ ಹೋಗಲ್ಲ, ಅಲ್ಲೇ ನಿಲ್ಲುತ್ತೆ. ಬಗ್ಗಿ ನೋಡಿದ್ರೆ ಮೂರು ತೆಳು ಜೇಬು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿರುತ್ತೆ, ಅದೇ ಅರ್ಧಚಂದ್ರ ಕವಾಟ. ಸ್ಟೆತಸ್ಕೋಪಲ್ಲಿ ಕೇಳೋ ಎರಡನೇ ಸದ್ದು, ಡಬ್, ಈ ಕವಾಟ ಮತ್ತೆ ಶ್ವಾಸಕೋಶದ ಕಡೆ ಹೋಗೋ ನಾಳದ ಕವಾಟ ಮುಚ್ಚುವಾಗ ಬರೋದು. ಈಗ ನೀರು ಚೆಲ್ಲಿ, ಪೈಪನ್ನ ಉದ್ದಕ್ಕೆ ಸೀಳಿ, ಜೇಬಿನ ಹಿಂದೆ ಗೋಡೇಲಿ ನೋಡಿ, ಎರಡು ಪುಟ್ಟ ತೂತು. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನ ಮೆಲ್ಲಗೆ ತೂರಿಸಿದ್ರೆ ಕಡ್ಡಿ ಹೊರಗೆ ಆ ಕೊಬ್ಬಿನ ಪಟ್ಟಿ ಅಡಿಯ ನಾಳದಲ್ಲಿ ಉಬ್ಬಿಕೊಂಡು ಬರುತ್ತೆ. ಕಳೆದ ವರ್ಷ ಒಬ್ಬ ಹುಡುಗ ಕಡ್ಡಿ ತೂರಿಸಿ "ಇಷ್ಟೇನಾ ಸರ್?" ಅಂತ ಸುಮ್ನೆ ನಿಂತ್ಬಿಟ್ಟ. ಅವರಪ್ಪಂಗೆ ಆರು ತಿಂಗಳ ಹಿಂದೆ ಸ್ಟೆಂಟ್, ಅಂದ್ರೆ ನಾಳ ತೆರೆದಿಡೋ ಪುಟ್ಟ ಬಲೆಯ ಕೊಳವೆ, ಹಾಕಿದ್ರಂತೆ.

ಆ ಎರಡು ತೂತಿಂದ ನಿಮಿಷಕ್ಕೆ ಹೋಗೋದು ಸುಮಾರು 250 ಎಂಎಲ್, ಒಟ್ಟು 5 ಲೀಟರಲ್ಲಿ ಶೇಕಡಾ 5ರಷ್ಟು. ಮುನ್ನೂರು ಗ್ರಾಂ ತೂಕದ ಅಂಗಕ್ಕೆ ಇದು ದೊಡ್ಡ ಪಾಲೇ, ಆದ್ರೂ ಹೃದಯ ಅಷ್ಟು ದುಡಿಯುತ್ತೆ ಅಂದ್ರೆ ಬಂದ ರಕ್ತದಿಂದ ಆಕ್ಸಿಜನ್ನಿನ ಶೇಕಡಾ 70ರಷ್ಟನ್ನ ಆರಾಮಾಗಿ ಕೂತಿರುವಾಗ್ಲೇ ಹೀರ್ಕೊಂಡ್ಬಿಡುತ್ತೆ. ಇಡೀ ದೇಹದ ಸರಾಸರಿ ಶೇಕಡಾ 25ರಷ್ಟೇ, ಹಾಗಾಗಿ ಕಾಲಿನ ಸ್ನಾಯು ಓಡುವಾಗ ಅದೇ ರಕ್ತದಿಂದ ಇನ್ನೂ ಹಿಂಡ್ಕೋಬಹುದು. ಹೃದಯಕ್ಕೆ ಹಿಂಡೋಕೆ ಹೆಚ್ಚೇನೂ ಉಳಿದಿರಲ್ಲ, ಜಾಸ್ತಿ ಆಕ್ಸಿಜನ್ ಬೇಕಂದ್ರೆ ಜಾಸ್ತಿ ರಕ್ತಾನೇ ಬರಬೇಕು. ಪೈಪ್ ಕಿರಿದಾಗಿರೋರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯೋದು, ಕೂತ್ರೆ ಬಿಡೋದು ಇದಕ್ಕೇ.

ಮತ್ತೊಂದು ವಿಚಿತ್ರ, ಇದನ್ನ ಪರೀಕ್ಷೆಗೆ ಕೇಳಲಿ ಬಿಡಲಿ ನೆನಪಿಟ್ಕೊ: ಹೃದಯ ತನ್ನ ಪಾಲಿನ ರಕ್ತದಲ್ಲಿ ಹೆಚ್ಚಿನದನ್ನ ತಗೊಳ್ಳೋದು ದುಡಿಯುವಾಗ ಅಲ್ಲ, ಸುಧಾರಿಸ್ಕೊಳ್ಳುವಾಗ. ಎಡ ಹೃತ್ಕುಕ್ಷಿ ಬಿಗಿಯಾಗಿ ಹಿಂಡಿದಾಗ ತನ್ನ ಗೋಡೆಯೊಳಗಿನ ನಾಳಗಳನ್ನೂ ಹಿಂಡ್ಬಿಡುತ್ತೆ, ಸಡಿಲ ಆದಾಗಲೇ ಅವು ತುಂಬ್ಕೊಳ್ಳೋದು. ಒಂದು ಬಡಿತಕ್ಕೆ 0.8 ಸೆಕೆಂಡ್ ಅಂತ ಓದಿದ್ದೀಯ, ಅದರಲ್ಲಿ ಹೃತ್ಕುಕ್ಷಿ ಹಿಂಡೋದು 0.3, ಬಿಡುವು 0.5. ನಾಡಿ ನಿಮಿಷಕ್ಕೆ 150 ಆದ್ರೆ ಇಡೀ ಬಡಿತಕ್ಕೇ 0.4 ಸೆಕೆಂಡ್, ಹಿಂಡೋ ಹೊತ್ತು ಅಷ್ಟೇನೂ ಕಡಿಮೆ ಆಗಲ್ಲ, ಕತ್ತರಿ ಬೀಳೋದು ಬಿಡುವಿಗೆ. ಆರೋಗ್ಯವಾಗಿರೋ ನಾಳ ಅಗಲ ಆಗಿ ಇದನ್ನ ಸರಿದೂಗಿಸುತ್ತೆ, ಬ್ಲಾಕ್ ಇರೋ ನಾಳಕ್ಕೆ ಆಗಲ್ಲ.

ಬ್ಲಾಕ್ ಅಂದ್ರೆ ನಲ್ಲಿ ಪೈಪಲ್ಲಿ ಪಾಚಿ ಕಟ್ಟಿದ ಹಾಗೆ ಅಂದ್ಕೋತಾರೆ, ಅದು ಪೂರ್ತಿ ಸರಿಯಲ್ಲ. ಕೊಬ್ಬು ಸೇರೋದು ನಾಳದ ಗೋಡೆಯ ಒಳಗೆ, ಚರ್ಮದಡಿ ಕುರು ಇದ್ದ ಹಾಗೆ. ಒಂದಿನ ಅದರ ಮೇಲಿನ ತೆಳು ಪದರ ಒಡೆಯುತ್ತೆ, ಗಾಯ ಆಗಿದೆ ಅಂತ ರಕ್ತ ಅಲ್ಲಿ ಹೆಪ್ಪುಗಟ್ಟುತ್ತೆ, ಕೈ ಕುಯ್ಕೊಂಡಾಗ ನಮ್ಮನ್ನ ಕಾಪಾಡೋ ಅದೇ ಹೆಪ್ಪು ಇಲ್ಲಿ ಕೆಲವೇ ನಿಮಿಷದಲ್ಲಿ ನಾಳ ಮುಚ್ಚುತ್ತೆ. ಅದಕ್ಕೇ ನಿನ್ನೆವರೆಗೂ ಚೆನ್ನಾಗೇ ಇದ್ರು ಅನ್ನೋ ಮಾತು ಸುಳ್ಳಲ್ಲ. ಮತ್ತೆ ಇದು ವಯಸ್ಸಾದವರ ಕಥೆ ಅಂತಾನೂ ಅಂದ್ಕೋಬೇಡ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ನೋಡಿ 1953ರಲ್ಲಿ ವರದಿ ಪ್ರಕಟಿಸಿದ್ರು, ಸರಾಸರಿ ವಯಸ್ಸು 22, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹುಡುಗರ ಕರೋನರಿಯಲ್ಲಿ ಆಗ್ಲೇ ಕಾಯಿಲೆಯ ಗುರುತು ಇತ್ತು. ಕಾಲೇಜ್ ಗೇಟ್ ಪಕ್ಕದ ಅಂಗಡೀಲಿ ಸಿಗರೇಟ್ ಹಚ್ಚೋ ನಮ್ಮ ಹುಡುಗರನ್ನ ನೋಡಿದಾಗೆಲ್ಲ ನಂಗೆ ಈ ವಯಸ್ಸೇ ನೆನಪಾಗೋದು.

ನಾಳ ಮುಚ್ಚಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಸ್ನಾಯು ಸಾಯೋಕೆ ಶುರು, ಒಳಗಡೆಯಿಂದ ಹೊರಗಡೆಗೆ ಗಂಟೆಗಟ್ಟಲೆ ಹರಡ್ತಾ ಹೋಗುತ್ತೆ. ನಮ್ಮ ದೊಡ್ಡಪ್ಪಂಗೆ ಬೆಳಗಿನ ಜಾವ ಎದೆ ಹಿಂಡ್ತಿದೆ ಅಂದಾಗ ಗ್ಯಾಸ್ಟ್ರಿಕ್ ಇರ್ಬೇಕು ಅಂತ ನಾವೇ ಸೋಡಾ ಕುಡಿಸಿ ಮಲಗಿಸಿದ್ವಿ, ಬೆವರು ಇಳೀತಾ ಇದ್ರೂ ಸೆಕೆ ಅಂದ್ಕೊಂಡ್ವಿ, ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ. ಅವರು ಉಳ್ಕೊಂಡ್ರು, ಆದ್ರೆ ಆಮೇಲೆ ತೋಟದ ತನಕ ನಡೆಯೋಕೂ ಏದುಸಿರು, ಸತ್ತ ಹೃದಯ ಸ್ನಾಯು ಮತ್ತೆ ಬೆಳೆಯಲ್ಲ. ಎದೆ ಹಿಂಡೋದು, ಎಡಗೈಗೋ ದವಡೆಗೋ ನೋವು ಎಳೆಯೋದು, ತಣ್ಣನೆ ಬೆವರು ಕಂಡ್ರೆ ಸೋಡಾ ಹುಡುಕ್ಬೇಡಿ, 108ಕ್ಕೆ ಫೋನ್ ಮಾಡಿ. ಈಗ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೇಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಕೇಂದ್ರದವರು ನೋಡಿ ಹೇಳಿದ್ಮೇಲೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಆ ಇಂಜೆಕ್ಷನ್ ಮಾಡೋ ಕೆಲಸ ಇಷ್ಟೇ, ಪೊರಕೆ ಕಡ್ಡಿ ಗಾತ್ರದ ಆ ದಾರಿ ತೆರೆಯೋದು. 1977ರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ ಅನ್ನೋ ಡಾಕ್ಟರು ಮೊದಲ ಸಲ ಕರೋನರಿಯಲ್ಲಿ ಬಲೂನ್ ಉಬ್ಬಿಸಿದ್ದೂ ಅದೇ ದಾರಿಗಾಗಿ.

ಕಾರ್ಡಿಯಾಕ್ ಅರೆಸ್ಟ್ ಬೇರೆ, ಅಲ್ಲಿ ಬಡಿತವೇ ನಿಲ್ಲುತ್ತೆ, ಮನುಷ್ಯ ತಕ್ಷಣ ಎಚ್ಚರ ತಪ್ಪಿ ಬೀಳ್ತಾನೆ, ಎದೆ ಮಧ್ಯ ಒತ್ತೋಕೆ ಶುರು ಮಾಡ್ಬೇಕು. ಹಾರ್ಟ್ ಅಟ್ಯಾಕ್ ಅದಕ್ಕೆ ದಾರಿ ಆಗಬಹುದು, ಆದ್ರೆ ಎರಡೂ ಒಂದಲ್ಲ, ಪೇಪರಲ್ಲಿ ಟಿವೀಲಿ ಒಂದರ ಬದಲು ಇನ್ನೊಂದು ಬಳಸ್ತಾನೇ ಇರ್ತಾರೆ.

ನೀನು ನಿಮ್ಮ ಲ್ಯಾಬಲ್ಲಿ ಇದನ್ನ ಮಾಡಿ ನೋಡೋದಾದ್ರೆ ಒಂದು ವಿಷಯ. ಅಂಗಡಿಯವರು ಗುಂಡಿಗೆ ಕೊಡುವಾಗ ಮೇಲಿನ ಪೈಪನ್ನ ಬುಡಕ್ಕೆ ಕತ್ತರಿಸ್ತಾರೆ, ಸಾರಿಗೆ ಅದು ಬೇಡ ಅಂತ. ಹಾಗೆ ಕತ್ತರಿಸಿದ್ರೆ ಕವಾಟಾನೂ ಹೋಗುತ್ತೆ ಆ ಎರಡು ತೂತೂ ಹೋಗುತ್ತೆ. ಭಾನುವಾರ ರಶ್ ಇರುತ್ತೆ, ಶನಿವಾರ ಸಾಯಂಕಾಲವೇ ಹೋಗಿ, ಪೈಪು ಎರಡು ಇಂಚು ಬಿಟ್ಟು ಕೊಡಿ ಅಣ್ಣ, ಕಾಲೇಜಿಗೆ ಬೇಕು ಅಂತ ಹೇಳು, ಬೆಳಗ್ಗೆ ಕುರಿ ಕೊಯ್ದಾಗ ನೆನಪಿಟ್ಕೊಂಡು ತೆಗೆದಿಡ್ತಾರೆ.